ಸಂಗೀತವನ್ನೇ ಕಸುಬು ಮಾಡಿಕೊಳ್ಳುವ ಆಸೆಯೇ? ಮಲೆನಾಡಿನ ಹುಡುಗ ಹುಡುಗಿಯರಿಗೆ ಕೋರ್ಸ್ ಆರಿಸುವ ದಾರಿ

ಪಿಯುಸಿ ಮುಗಿಯುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಕೇಳುವ ಪ್ರಶ್ನೆ ಒಂದೇ. ಸಂಗೀತ ಓದಿದರೆ ಹೊಟ್ಟೆ ತುಂಬುತ್ತಾ? ತುಂಬುತ್ತೆ. ಆದರೆ ಸಂಗೀತದಲ್ಲಿ ಯಾವ ಕೆಲಸ ಮಾಡುತ್ತೇನೆ ಅಂತ ಮೊದಲೇ ಯೋಚಿಸಿ ಹೊರಟವರಿಗೆ ದಾರಿ ಬೇಗ ಸಿಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ಎಲ್ಲೋ ಒಂದು ಡಿಪ್ಲೊಮಾ ಜಾಹೀರಾತು ನೋಡಿ ಫೀಸು ಕಟ್ಟಿ, ಎರಡು ವರ್ಷ ಆದಮೇಲೆ ಮುಂದೇನು ಅಂತ ಕೇಳುತ್ತಾರೆ. ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮೊದಲು ಕೆಲಸ, ಆಮೇಲೆ ಕೋರ್ಸ್.

ಮೊದಲ ಹೆಜ್ಜೆ: ಯಾವ ಕೆಲಸ ಅಂತ ಬರೆದುಕೊಳ್ಳಿ

ಸಂಗೀತ ಅಂದ ತಕ್ಷಣ ಕಣ್ಣಿಗೆ ಬರುವುದು ಮೈಕ್ ಹಿಡಿದು ಹಾಡುವವರು. ಅವರ ಸುತ್ತ ಎಷ್ಟು ಜನ ಇರುತ್ತಾರೆ ನೋಡಿ. ತಬಲಾ, ಕೀಬೋರ್ಡ್, ರಿದಂ ಪ್ಯಾಡ್ ನುಡಿಸುವವರು, ಮಿಕ್ಸರ್ ಮುಂದೆ ಕೂತವರು, ಮನೆಯಲ್ಲಿ ಕೂತು ಟ್ರ್ಯಾಕ್ ಮಾಡಿಕೊಡುವವರು, ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಮಾಡುವವರು. ಶಾಲೆಯ ಸಂಗೀತ ಮೇಷ್ಟ್ರು, ಮನೆಪಾಠ ಹೇಳುವ ಅಕ್ಕಂದಿರು, ಭರತನಾಟ್ಯಕ್ಕೆ ಹಾಡುವವರು, ನಾಟಕಕ್ಕೆ ಸಂಗೀತ ಕೊಡುವವರು. ಯಕ್ಷಗಾನಕ್ಕೆ ಬಂದರೆ ಭಾಗವತರು, ಮದ್ದಳೆಯವರು, ಚಂಡೆಯವರು. ಹಾರ್ಮೋನಿಯಂ ಶ್ರುತಿ ಮಾಡಿಕೊಡುವ, ತಬಲಾಕ್ಕೆ ಚರ್ಮ ಕಟ್ಟಿಕೊಡುವ ಕೆಲಸವೂ ಇದೆ. ಅದನ್ನು ಕಲಿಯುವವರು ಕಡಿಮೆ, ಬೇಕಾದವರು ಎಲ್ಲ ಊರಲ್ಲೂ ಇದ್ದಾರೆ.

ಈ ಪಟ್ಟಿಯಲ್ಲಿ ನಿಮಗೆ ಹಿಡಿಸುವ ಎರಡು ಕೆಲಸ ಆರಿಸಿ. ಆ ಕೆಲಸ ಮಾಡುತ್ತಿರುವ ಒಬ್ಬರನ್ನು ಹುಡುಕಿ, ಒಂದು ಪೂರ್ತಿ ದಿನ ಅವರ ಜೊತೆ ಇರಿ. ಕಾರ್ಯಕ್ರಮ ನೋಡಲು ಹೋಗುವುದು ಬೇರೆ. ಸ್ಪೀಕರ್ ಇಳಿಸುವುದರಿಂದ ಹಿಡಿದು ರಾತ್ರಿ ಒಂದು ಗಂಟೆಗೆ ವೈರ್ ಸುತ್ತಿ ಗಾಡಿಗೆ ಹಾಕುವ ತನಕ ಜೊತೆಗಿದ್ದರೆ ಈ ಜೀವನ ನಿಮಗೆ ಒಗ್ಗುತ್ತಾ ಇಲ್ವಾ ಅಂತ ಅಂದೇ ಗೊತ್ತಾಗುತ್ತದೆ. ಅವರ ಹತ್ತಿರ ಒಂದು ಪ್ರಶ್ನೆ ತಪ್ಪದೆ ಕೇಳಿ: ವರ್ಷದಲ್ಲಿ ಯಾವ ತಿಂಗಳು ಕೆಲಸ ಇರುವುದಿಲ್ಲ? ನಮ್ಮ ಕಡೆ ಉತ್ತರ ಹೆಚ್ಚುಕಡಿಮೆ ಮಳೆಗಾಲ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಗಣಪತಿ ಹಬ್ಬ, ದಸರಾ, ರಾಜ್ಯೋತ್ಸವ, ಮದುವೆ, ಜಾತ್ರೆ ಅಂತ ಉಳಿದ ತಿಂಗಳುಗಳಲ್ಲಿ ಕೈತುಂಬ ಕೆಲಸ. ಜೂನ್, ಜುಲೈನಲ್ಲಿ ಏನು ಮಾಡುತ್ತೀರಿ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಈ ದಾರಿಗೆ ಇಳಿಯಬೇಕು. ಪಾಠ ಹೇಳುವವರಿಗೆ, ರೆಕಾರ್ಡಿಂಗ್ ಮಾಡುವವರಿಗೆ ಆ ತಿಂಗಳುಗಳಲ್ಲೂ ಕೆಲಸ ಇರುತ್ತದೆ, ಅದಕ್ಕೇ ಎರಡು ಕೆಲಸ ಆರಿಸಿ ಅಂದಿದ್ದು.

ಸಂಗೀತದ ಜೊತೆ ಬೇರೆ ಕಸುಬು ಇದ್ದರೂ ನಾಚಿಕೆ ಪಡಬೇಕಾಗಿಲ್ಲ. ಶಿವಮೊಗ್ಗ ಸುಬ್ಬಣ್ಣನವರು ಹೊಸನಗರ ತಾಲ್ಲೂಕಿನ ನಗರದವರು, ವೃತ್ತಿಯಲ್ಲಿ ವಕೀಲರಾಗಿದ್ದರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರೂ ಅವರೇ. ಮನೆಯಲ್ಲಿ ಅಪ್ಪ ಅಮ್ಮನಿಗೆ ಒಪ್ಪಿಸುವಾಗ ಈ ಮಾತು ಹೇಳಿ.

ಎರಡನೇ ಹೆಜ್ಜೆ: ಆ ಕೆಲಸಕ್ಕೆ ಯಾವ ಓದು ಅಂತ ನೋಡಿ

ನಾಲ್ಕೈದು ಬಗೆಯ ದಾರಿಗಳಿವೆ, ಒಂದಕ್ಕೊಂದು ಸಂಬಂಧ ಇಲ್ಲದಷ್ಟು ಬೇರೆ.

ಊರು ಬಿಡದೆ ಆಗುವುದು ಪರೀಕ್ಷೆಯ ದಾರಿ. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ರಾಜ್ಯದ ಪರೀಕ್ಷೆಗಳಿವೆ. ಹಿಂದೂಸ್ತಾನಿ ಕಲಿಯುವವರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟುತ್ತಾರೆ. ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ ದಾಟಿ ವಿಶಾರದ, ಅಲಂಕಾರದ ತನಕ ಹೋಗುತ್ತದೆ. ಪಿಯಾನೊ, ಗಿಟಾರ್, ಡ್ರಮ್ಸ್ ಕಲಿಯುವವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಿವೆ, ಇನಿಷಿಯಲ್ ಆದಮೇಲೆ 1ರಿಂದ 8ರ ತನಕ. ಮನೆಪಾಠ ಹೇಳುವ ಯೋಚನೆ ಇದ್ದರೆ ಈ ದಾರಿಯೇ ಸಾಕು, ತಂದೆ ತಾಯಂದಿರು ಕೇಳುವುದು ಇದೇ ಪ್ರಮಾಣಪತ್ರವನ್ನು.

ಶಾಲೆಯ ಕೆಲಸ ಬೇಕಾದರೆ ಪದವಿ ಬೇಕು. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಸಂಗೀತ ಶಿಕ್ಷಕರ ಹುದ್ದೆಗೆ ಪಿಯುಸಿಯಲ್ಲಿ ಶೇ 50 ಅಂಕ ಮತ್ತು ಸಂಗೀತದಲ್ಲಿ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಕೇಳುತ್ತಾರೆ. ವಿಶಾರದವನ್ನು ಕೆಲವು ಕಡೆ ಪದವಿಗೆ ಸಮಾನ ಅಂತ ಒಪ್ಪುತ್ತಾರೆ, ಕೆಲವು ಕಡೆ ಒಪ್ಪುವುದಿಲ್ಲ. ಯಾರೋ ಹೇಳಿದರು ಅಂತ ನಂಬಬೇಡಿ, ಹುದ್ದೆಯ ಪ್ರಕಟಣೆಯನ್ನೇ ಓದಿ. ಪದವಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಇವೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಇದೆ. ಹಿಂದೂಸ್ತಾನಿಯವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಧಾರವಾಡ. ಪಾಠಕ್ಕೆ ಅಂತಷ್ಟೇ ಅಲ್ಲ, ಸಂಜೆ ಹೊತ್ತು ಊರಲ್ಲಿ ಕಿವಿಗೆ ಬೀಳುವ ಸಂಗೀತಕ್ಕೆ. ಮೈಸೂರಿಗೆ ಹೋಗುವವರಿಗೆ ತಾಳಗುಪ್ಪ–ಮೈಸೂರು ರೈಲು ಸಾಗರ, ಶಿವಮೊಗ್ಗದ ಮೇಲೆ ಹೋಗುತ್ತದೆ, ವೀಣೆ ತಂಬೂರಿ ಹೊತ್ತುಕೊಂಡು ಬಸ್ ಹತ್ತುವ ಪಾಡಿಲ್ಲ.

ರೆಕಾರ್ಡಿಂಗ್, ಮಿಕ್ಸಿಂಗ್ ಕಡೆ ಮನಸ್ಸಿದ್ದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಧ್ವನಿಗ್ರಹಣದ ಡಿಪ್ಲೊಮಾ ನೋಡಿ. ಖಾಸಗಿ ಸಂಸ್ಥೆಗಳು ತುಂಬ ಇವೆ, ಫೀಸೂ ಲಕ್ಷಗಳಲ್ಲಿದೆ. ಬಿ.ವೋಕ್ ಅನ್ನುವ ವೃತ್ತಿಪರ ಪದವಿಯಲ್ಲಿ ಒಂದು ಅನುಕೂಲ ಇದೆ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. ಮನೆಯ ಪರಿಸ್ಥಿತಿ ಯಾವಾಗ ಹೇಗೋ ಅನ್ನುವವರಿಗೆ ಇದು ಒಳ್ಳೆಯದು, ಮಧ್ಯದಲ್ಲಿ ಬಿಟ್ಟರೂ ಬರಿಗೈಯಲ್ಲಿ ಬರುವುದಿಲ್ಲ.

ಇನ್ನೊಂದು ದಾರಿ ನಮ್ಮ ಮನೆ ಬಾಗಿಲಲ್ಲೇ ಇದೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದ ಸಂಸ್ಥೆ, 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ಅದು ಸಂಗೀತದ ಕೋರ್ಸ್ ಅಲ್ಲ, ನಾಟಕದ್ದು. ಆದರೆ ಹಾಡುವುದು, ತಾಳ ಹಿಡಿಯುವುದು, ಹಿಂದೆ ಕೂತು ನುಡಿಸುವುದು ನಾಟಕದವರಿಗೆ ದಿನದ ಕೆಲಸ. ರಂಗಸಂಗೀತ ಮಾಡಬೇಕು ಅನ್ನುವವರಿಗೆ ಆ ವಾತಾವರಣ ಬೇರೆಲ್ಲೂ ಸಿಗುವುದಿಲ್ಲ. ಭಾಗವತಿಕೆ ಕಲಿಯುವವರಿಗೆ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಇದೆ. ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಆಸೆ ಇದ್ದರೆ ಶಿವಮೊಗ್ಗದಿಂದ ತುಂಗೆಯ ದಡದಲ್ಲೇ ಸ್ವಲ್ಪ ದೂರ ಹೋಗಿ, ಹೊಸಹಳ್ಳಿ ಸಿಗುತ್ತದೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅವರ ಊರು ಅದು.

ದುಡ್ಡಿನ ತೊಂದರೆ ಇರುವವರು ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ.

ಮೂರನೇ ಹೆಜ್ಜೆ: ಫೀಸು ಕಟ್ಟುವ ಮುಂಚೆ ಹೋಗಿ ನೋಡಿ

ವೆಬ್‌ಸೈಟಿನ ಫೋಟೋ ನೋಡಿ ಸೇರಬೇಡಿ. ಒಂದು ದಿನ ಬಸ್ ಹತ್ತಿ ಹೋಗಿ, ಆಫೀಸಿನಲ್ಲಿ ಕೂರುವ ಮುಂಚೆ ವಾದ್ಯಗಳ ಕೋಣೆಗೆ ಹೋಗಿ. ತಂಬೂರಿಯ ತಂತಿಗೆ ತುಕ್ಕು ಹಿಡಿದಿದೆಯಾ, ತಬಲಾದ ನಡುವಿನ ಕಪ್ಪು ಕರಣೆ ಬಿರುಕು ಬಿಟ್ಟಿದೆಯಾ, ಕೀಬೋರ್ಡ್ ಮೇಲೆ ಧೂಳು ಕೂತಿದೆಯಾ ನೋಡಿ. ದಿನಾ ನುಡಿಸುವ ವಾದ್ಯದ ಮೇಲೆ ಧೂಳು ಕೂರುವುದಿಲ್ಲ, ಅಲ್ವಾ? ಸ್ಟುಡಿಯೋ ಇದ್ದರೆ ವಾರಕ್ಕೆ ಎಷ್ಟು ಗಂಟೆ ಒಬ್ಬ ವಿದ್ಯಾರ್ಥಿಯ ಕೈಗೆ ಕೊಡುತ್ತೀರಿ ಅಂತ ಕೇಳಿ. “ನೋಡಬಹುದು, ಮೇಷ್ಟ್ರು ತೋರಿಸುತ್ತಾರೆ” ಅಂದರೆ ಅಲ್ಲಿಂದ ಎದ್ದು ಬನ್ನಿ. ನೋಡುವುದನ್ನು ಮನೆಯಲ್ಲಿ ಫೋನಿನಲ್ಲೇ ನೋಡಬಹುದು. ವೃತ್ತಿಪರ ಕೋರ್ಸಿಗೆ ದುಡ್ಡು ಕೊಡುವುದು ಕೈಗೆ ಕೆಲಸ ಸಿಗಲಿ ಅಂತ.

ಆಮೇಲೆ ಪಾಠ ಹೇಳುವವರು ಯಾರು, ಅವರು ಈಗಲೂ ನುಡಿಸುತ್ತಾರಾ ಅಂತ ವಿಚಾರಿಸಿ. ಒಂದು ಬ್ಯಾಚಿಗೆ ಎಷ್ಟು ಜನ, ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೊಡುವ ತರಗತಿ ಇದೆಯಾ, ಡಿಪ್ಲೊಮಾ ಕೊಡುವುದು ಯಾವ ವಿಶ್ವವಿದ್ಯಾಲಯ, ಅದು ಯುಜಿಸಿ ಪಟ್ಟಿಯಲ್ಲಿ ಇದೆಯಾ. ಹೋದ ವರ್ಷ ಮುಗಿಸಿದ ಇಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಕೊಡಲು ಹಿಂದೆ ಮುಂದೆ ನೋಡಿದರೆ ನೀವೂ ಹಿಂದೆ ಮುಂದೆ ನೋಡಿ. ಮಧ್ಯದಲ್ಲಿ ಬಿಟ್ಟರೆ ಫೀಸು ಎಷ್ಟು ವಾಪಸ್ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಬೆಂಗಳೂರಿಗೇ ಹೋಗಬೇಕಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅಡಿಪಾಯ ಇಲ್ಲದೆ ಹೋಗಬೇಡಿ. ಅಲ್ಲಿನ ಬಾಡಿಗೆ ಕಟ್ಟಲು ದುಡಿಯುವುದರಲ್ಲೇ ಅಭ್ಯಾಸದ ಹೊತ್ತು ಕಳೆದುಹೋಗುತ್ತದೆ. ಎರಡು ವರ್ಷ ಇಲ್ಲೇ ಒಬ್ಬ ಗುರುಗಳ ಹತ್ತಿರ ಗಟ್ಟಿಯಾಗಿ ಕೂತು, ಒಂದು ಪರೀಕ್ಷೆ ಮುಗಿಸಿ, ಒಂದಷ್ಟು ವೇದಿಕೆ ಹತ್ತಿಳಿದು ಆಮೇಲೆ ಹೋದರೆ ಕಲಿಯುವುದು ಎರಡರಷ್ಟು.

ನಾಲ್ಕನೇ ಹೆಜ್ಜೆ: ಕೋರ್ಸ್ ನಡೆಯುವಾಗ

ದಿನದ ಅಭ್ಯಾಸದ ಬಗ್ಗೆ ನಿಮ್ಮ ಗುರುಗಳು ಹೇಳುತ್ತಾರೆ, ನಾನು ಹೇಳಬೇಕಾಗಿಲ್ಲ. ಒಂದೇ ಮಾತು: ಮೆಟ್ರೊನೋಮ್, ಅಂದರೆ ಲಯಕ್ಕೆ ಟಕ್ ಟಕ್ ಅನ್ನುವ ಸಾಧನ, ಅಭ್ಯಾಸ ಮಾಡಿಕೊಳ್ಳಿ. ಅದನ್ನು ನಿಮಿಷಕ್ಕೆ 60ಕ್ಕೆ ಇಟ್ಟು ನಿಧಾನವಾಗಿ ನುಡಿಸಿ, ಲಯ ಎಲ್ಲಿ ಜಾರುತ್ತದೆ ಅನ್ನುವುದು ನಿಧಾನದಲ್ಲೇ ಗೊತ್ತಾಗುವುದು. ಸ್ಟುಡಿಯೋಗೆ ಹೋದ ದಿನ ಕಿವಿಯಲ್ಲಿ ಇದೇ ಟಕ್ ಟಕ್, ಅಂದರೆ ಕ್ಲಿಕ್, ಹಾಕುತ್ತಾರೆ, ಅದರ ಜೊತೆ ಹಾಡಲು ಬಾರದೆ ಒಳ್ಳೆಯ ಹಾಡುಗಾರರೇ ಒದ್ದಾಡುತ್ತಾರೆ.

ಕೋರ್ಸಿನಲ್ಲಿ ಹೇಳಿಕೊಡದ, ಆದರೆ ಕೆಲಸಕ್ಕೆ ಬರುವ ಒಂದು ವಿಷಯ ಶ್ರುತಿಯ ಲೆಕ್ಕ. ನಿಮ್ಮದು ಒಂದೂವರೆ ಮನೆ ಶ್ರುತಿ ಅಂತಿಟ್ಟುಕೊಳ್ಳಿ. ಕೀಬೋರ್ಡಿನವರಿಗೆ ಅದು ಸಿ ಶಾರ್ಪ್. ಹಾರ್ಮೋನಿಯಂ ಹಿಡಿದವರಿಗೆ ಕಪ್ಪು ಒಂದು. ಹಾಗೇ ಎರಡೂವರೆ ಅಂದರೆ ಡಿ ಶಾರ್ಪ್, ಕಪ್ಪು ಎರಡು. ನಾಲ್ಕೂವರೆ ಅಂದರೆ ಎಫ್ ಶಾರ್ಪ್, ಕಪ್ಪು ಮೂರು. ಐದು ಮನೆ ಜಿ. ಇದು ಬಾಯಿಪಾಠ ಇದ್ದರೆ ಯಾವ ತಂಡದ ಜೊತೆ ಕೂತರೂ ಎರಡು ಮಾತಲ್ಲಿ ಕೆಲಸ ಶುರುವಾಗುತ್ತದೆ.

ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮುಂಚೆ ಮೈಕು ಸ್ಪೀಕರ್ ಸರಿಮಾಡಿಕೊಳ್ಳುವುದನ್ನು, ಕಲಿಯಿರಿ. ಹಾಡುವವರೂ ಕಲಿಯಬೇಕು. ಊರಿನ ಗಣಪತಿ ಪೆಂಡಾಲಿಗೆ ಕಾರ್ಯಕ್ರಮಕ್ಕೆ ಒಂದೂವರೆ ಗಂಟೆ ಮುಂಚೆ ಹೋಗಿ, ಸೌಂಡ್‌ನವರಿಗೆ ವೈರ್ ಎಳೆಯಲು ಕೈಹಾಕಿ, ಪಕ್ಕದಲ್ಲಿ ನಿಂತು ನೋಡಿ. ಮೊದಲು ತಾಳವಾದ್ಯದ ಮೈಕ್, ಆಮೇಲೆ ಕೀಬೋರ್ಡ್, ಕೊನೆಗೆ ದನಿ. ಹಾಡುವವರಿಗೇ ಕೇಳಲಿ ಅಂತ ವೇದಿಕೆ ಮೇಲೆ ಇಡುವ ಮಾನಿಟರ್ ಸ್ಪೀಕರ್ ಮೈಕಿನ ಮುಖಕ್ಕೆ ತಿರುಗಿದ್ದರೆ ಕುಯ್ಯ್ ಅಂತ ಕೂಗುತ್ತದೆ. ಹಾಡುವವರು ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೂ ಅಷ್ಟೇ, ಮೈಕ್ ಎಲ್ಲ ಕಡೆಯ ಸದ್ದು ಹಿಡಿಯಲು ಶುರು ಮಾಡಿ ಕೂಗುತ್ತದೆ. ತನ್ನ ದನಿ ತನಗೆ ಕೇಳುತ್ತಿಲ್ಲ ಅಂತ ಎಲ್ಲರೂ ಜಾಸ್ತಿ ಮಾಡಿ ಜಾಸ್ತಿ ಮಾಡಿ ಅನ್ನುತ್ತಾರೆ. ಅನುಭವ ಇರುವವರು ಉಳಿದದ್ದನ್ನು ಕಡಿಮೆ ಮಾಡಿಸುತ್ತಾರೆ. ಇಂಥದ್ದನ್ನು ನಿಂತು ನೋಡಿದವರನ್ನು ಸೌಂಡ್‌ನವರು ನೆನಪಿಟ್ಟುಕೊಳ್ಳುತ್ತಾರೆ, ಮುಂದಿನ ಕಾರ್ಯಕ್ರಮಕ್ಕೆ ಅವರೇ ಹೆಸರು ಹೇಳುತ್ತಾರೆ.

ಐದನೇ ಹೆಜ್ಜೆ: ಮಳೆಗಾಲದಲ್ಲಿ ವಾದ್ಯ, ಮನೆಯಲ್ಲಿ ರೆಕಾರ್ಡಿಂಗ್

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸುತ್ತಮುತ್ತ ನಮಗೂ ಕಡಿಮೆಯೇನಿಲ್ಲ. ಮೈಸೂರಿನವರು ಹೇಳುವ ವಾದ್ಯದ ಆರೈಕೆ ಇಲ್ಲಿಗೆ ಸಾಲುವುದಿಲ್ಲ. ತಬಲಾ, ಮೃದಂಗ, ಮದ್ದಳೆಯ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಸುತ್ತಿಗೆ ತೆಗೆದುಕೊಂಡು ಗಟ್ಟಾ, ಅಂದರೆ ಪಟ್ಟಿಯಡಿಯ ಮರದ ತುಂಡು, ಹೊಡೆದು ಏರಿಸುತ್ತೀರಿ. ಮಾರನೇ ದಿನ ಬಿಸಿಲು ಬಂದರೆ ಅದೇ ಚರ್ಮ ಒಣಗಿ ಬಿಗಿದುಕೊಂಡು ಹರಿದುಹೋಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಏರಿಸಿ ನುಡಿಸಿದ ಮೇಲೆ ಸ್ವಲ್ಪ ಇಳಿಸಿಡಿ. ಬಚ್ಚಲ ಒಲೆಯ ಹತ್ತಿರ ಇಡುವ ಆಸೆ ಬರುತ್ತದೆ, ಬೇಡ. ಹಾರ್ಮೋನಿಯಮ್ಮಿನ ತಿದಿಗೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆಯಾದರೂ ತೆಗೆದು ನುಡಿಸಿ. ಕೀಬೋರ್ಡು, ಮೈಕುಗಳನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಸಿಡಿಲು ಶುರುವಾದರೆ ಪ್ಲಗ್ ಕಿತ್ತೇ ಇಡಬೇಕು.

ಮನೆಯಲ್ಲಿ ರೆಕಾರ್ಡಿಂಗ್ ಕಲಿಯಲು ದೊಡ್ಡ ಖರ್ಚು ಬೇಡ. ಒಂದು ಕಂಪ್ಯೂಟರ್, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಒಂದು ಹೆಡ್‌ಫೋನ್. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ಉಚಿತ, ರೀಪರ್ ಅನ್ನುವುದನ್ನು 60 ದಿನ ಪೂರ್ತಿ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಲ್ಲಿ 48 ವೋಲ್ಟ್ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಸದ್ದೇ ಬರುವುದಿಲ್ಲ. ಡೈನಮಿಕ್ ಮೈಕಿಗೆ ಅದು ಬೇಡ. ನಮ್ಮ ಹಂಚಿನ ಮನೆಗಳಿಗೆ ನಾನು ಹೇಳುವುದು ಡೈನಮಿಕ್ ಮೈಕನ್ನೇ. ಕಂಡೆನ್ಸರ್ ಎಲ್ಲವನ್ನೂ ಹಿಡಿಯುತ್ತದೆ, ಹಂಚಿನ ಮೇಲಿನ ಮಳೆಯನ್ನೂ, ಹಿತ್ತಲಿನ ಜೀರುಂಡೆಯನ್ನೂ. ಜೀರುಂಡೆ ಸದ್ದು ಒಮ್ಮೆ ಒಳಗೆ ಬಂದರೆ ದನಿಗೆ ಪೆಟ್ಟಾಗದಂತೆ ತೆಗೆಯುವುದು ತುಂಬ ಕಷ್ಟ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ದನಿಯ ಏರು ಭಾಗ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ ಇರಲಿ. ಕೆಂಪು ದೀಪ ಹೊತ್ತಿದರೆ ಆ ಟೇಕ್ ಉಪಯೋಗಕ್ಕಿಲ್ಲ. ಹಿಂದಿನ ಗೋಡೆಗೆ ಎರಡು ಕಂಬಳಿ ಇಳಿಬಿಟ್ಟರೆ ಕೋಣೆಯ ಗುಂಯ್ ಅನ್ನುವ ಸದ್ದು ಎಷ್ಟೋ ಕಡಿಮೆಯಾಗುತ್ತದೆ.

ಆರನೇ ಹೆಜ್ಜೆ: ಕೆಲಸ ಹುಡುಕುವುದು, ದುಡ್ಡಿನ ಮಾತು

ಕೋರ್ಸ್ ಮುಗಿಯುವ ತನಕ ಕಾಯಬೇಡಿ. ಎರಡನೇ ವರ್ಷದಲ್ಲೇ ಭದ್ರಾವತಿ ಆಕಾಶವಾಣಿಯ ಧ್ವನಿ ಪರೀಕ್ಷೆಗೆ ತಯಾರಿ ಮಾಡಿ. ಆಕಾಶವಾಣಿಯ ಗ್ರೇಡುಗಳು ಬಿ, ಬಿ ಹೈ, ಎ, ಟಾಪ್ ಅಂತ ಏರುತ್ತಾ ಹೋಗುತ್ತವೆ. ಶಾಸ್ತ್ರೀಯಕ್ಕೂ ಸುಗಮ ಸಂಗೀತಕ್ಕೂ ಬೇರೆ ಬೇರೆ ಪರೀಕ್ಷೆ. ಬಿ ಗ್ರೇಡ್ ಸಿಕ್ಕರೂ ಸಾಕು, ಕಾರ್ಯಕ್ರಮ ಮಾಡಿಸುವವರು ಆ ಒಂದು ಸಾಲನ್ನು ನೋಡಿ ಫೋನ್ ಮಾಡುತ್ತಾರೆ.

ಮೂರು ಹಾಡು ಚೆನ್ನಾಗಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ: ಒಂದು ಶಾಸ್ತ್ರೀಯ, ಒಂದು ಭಾವಗೀತೆ, ಒಂದು ಜಾನಪದ. ದೀಪಾವಳಿಯಲ್ಲಿ ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯ ಹಾಡು ನಿಮ್ಮ ಊರಿನ ಹಿರಿಯರಿಗೆ ಬರುತ್ತಿದ್ದರೆ ಅವರ ಹತ್ತಿರ ಕೂತು ಕಲಿಯಿರಿ. ಬೇರೆ ಊರಿನ ಹಾಡುಗಾರರ ಹತ್ತಿರ ಅದು ಇರುವುದಿಲ್ಲ.

ಸಂಭಾವನೆ ಕೇಳುವುದರಲ್ಲಿ ಸಂಕೋಚ ಬೇಡ. “ನಮ್ಮೂರ ಹುಡುಗಿ, ಏನೋ ಒಂದು ಹಾಡಮ್ಮ” ಅನ್ನುವ ಪ್ರೀತಿಗೆ ದೇವಸ್ಥಾನದಲ್ಲಿ ಹಾಡಿ, ಖುಷಿಯಿಂದ ಹಾಡಿ. ಆದರೆ ಶಾಮಿಯಾನದವರಿಗೆ, ಅಡುಗೆಯವರಿಗೆ ದುಡ್ಡು ಕೊಡುವ ಕಾರ್ಯಕ್ರಮದಲ್ಲಿ ನಿಮಗೂ ಕೊಡಬೇಕು. ಅರ್ಧ ಮುಂಗಡ, ಗಾಡಿ ಖರ್ಚು ಬೇರೆ, ರಾತ್ರಿ ವಾಪಸ್ ಕಳಿಸುವ ಹೊಣೆ ಯಾರದು, ಇಷ್ಟನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅವರಿಂದ ಸರಿ ಅನ್ನಿಸಿಕೊಳ್ಳಿ. ಹುಡುಗಿಯರು ಕೊನೆಯದನ್ನು ಮೊದಲೇ ಕೇಳಿ. ಪಕ್ಕವಾದ್ಯದವರಿಗೆ ಕೊಡಬೇಕಾದ್ದನ್ನು ಅಂದೇ ರಾತ್ರಿ ಕೊಟ್ಟುಬಿಡಿ. ಪ್ಯಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ದೊಡ್ಡ ಸಂಸ್ಥೆಗಳು ಸಂಭಾವನೆಯಲ್ಲಿ ತೆರಿಗೆಯ ಪಾಲನ್ನು ಟಿಡಿಎಸ್ ಅಂತ ಹಿಡಿದುಕೊಂಡರೆ, ನಿಮಗೆ ಅಷ್ಟು ತೆರಿಗೆ ಬರದಿದ್ದಾಗ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ.

ಕೊನೆಯದು: ಯಾರ ಸಾಹಿತ್ಯ, ಯಾರ ಹಕ್ಕು

ಮಲೆನಾಡಿನಲ್ಲಿ ರಾಗ ಹಾಕಲು ಕೂತವರೆಲ್ಲ ಮೊದಲು ಕುವೆಂಪು ಕವಿತೆ ತೆಗೆಯುತ್ತಾರೆ. ಸಹಜವೇ. ಆದರೆ ನಮ್ಮ ದೇಶದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054ರ ಕೊನೆಯ ತನಕ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರು ತೀರಿಕೊಂಡಿದ್ದು 2013ರಲ್ಲಿ, 2073ರ ತನಕ. ಮನೆಯಲ್ಲಿ ಹಾಡಿಕೊಳ್ಳಲು ಯಾರೂ ತಡೆಯುವುದಿಲ್ಲ. ರೆಕಾರ್ಡ್ ಮಾಡಿ ಹೊರಗೆ ಬಿಡುವ ಮುಂಚೆ ಅನುಮತಿ ಪತ್ರ ಬೇಕು. ಒಳ್ಳೆಯ ಮಾತಿನಲ್ಲಿ ಒಂದು ಕಾಗದ ಬರೆದು ಕೇಳಿ, ಉತ್ತರ ಬಂದಮೇಲೆ ಅದನ್ನು ಜೋಪಾನವಾಗಿಡಿ.

ನಿಮ್ಮದೇ ರಾಗಕ್ಕೂ ಇದೇ ಕಾನೂನು ಕಾವಲು. ಹಾಡು ಕಟ್ಟುವವರು, ಬರೆಯುವವರು ಹಾಡು ಬರೆದವರ, ಕಟ್ಟಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾದರೆ ಹಾಡು ಬಳಕೆಯಾದಾಗ ರಾಯಲ್ಟಿಯ ಪಾಲು ಬರುತ್ತದೆ. ಯಾವುದೋ ಕಂಪನಿ ಕಳಿಸಿದ ಒಪ್ಪಂದದಲ್ಲಿ “ಎಲ್ಲ ಹಕ್ಕೂ ಶಾಶ್ವತವಾಗಿ” ಅಂತ ಇದ್ದರೆ ಸಹಿ ಹಾಕುವ ಮುಂಚೆ ಪರಿಚಯದ ವಕೀಲರಿಗೆ ತೋರಿಸಿ.

ಅನುಮತಿಗೆ ಕಾಯುವಷ್ಟು ದಿನ ಸುಮ್ಮನೆ ಕೂರಬೇಡಿ. ವಚನಗಳಿವೆ, ದಾಸರ ಪದಗಳಿವೆ, ಕುಮಾರವ್ಯಾಸನ ಭಾಮಿನಿ ಷಟ್ಪದಿ ಇದೆ. ಇವುಗಳ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ರಾಗ ಮಾತ್ರ ನಿಮ್ಮದೇ ಆಗಿರಲಿ, ಯಾರದೋ ಕ್ಯಾಸೆಟ್ಟಿನ ಧಾಟಿ ಎತ್ತಿಕೊಂಡರೆ ಅದಕ್ಕೆ ಬೇರೆ ಹಕ್ಕುದಾರರಿರುತ್ತಾರೆ.